ತಂತ್ರಾಂಶ ಅಭಿವೃದ್ಧಿ ಪರಿಸರ: ಸ್ಥಾಪನೆ ಮತ್ತು ತೆರವು

ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯಲು, ಬರೆದದ್ದನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರಲು, ತಪ್ಪು ಹುಡುಕಿ ತಿದ್ದಲು ಬೇಕಾಗುವ ಸಾಧನಗಳೂ ಆ ಸಾಧನಗಳು ಒಂದನ್ನೊಂದು ಗುರುತಿಸಿಕೊಳ್ಳಲು ಬೇಕಾದ ಏರ್ಪಾಡುಗಳೂ ಸೇರಿ ತಂತ್ರಾಂಶ ಅಭಿವೃದ್ಧಿ ಪರಿಸರ ಎನಿಸುತ್ತವೆ. ಬರೆಯಲು ಎಡಿಟರ್, ಬರೆದುದನ್ನು ಯಂತ್ರಭಾಷೆಗೆ ತಿರುಗಿಸಲು ಕಂಪೈಲರ್ ಅಥವಾ ಓದುತ್ತಲೇ ನಡೆಸಲು ಇಂಟರ್‌ಪ್ರಿಟರ್, ಬೇರೆಯವರು ಬರೆದಿಟ್ಟ ಸಿದ್ಧ ಭಾಗಗಳಾದ ಲೈಬ್ರರಿಗಳು, ದೋಷ ಹುಡುಕಲು ಡೀಬಗರ್, ಬದಲಾವಣೆಗಳ ಲೆಕ್ಕವಿಡಲು ಗಿಟ್, ಇವು ಸಾಧನಗಳು. ಇವು ಯಾವ ಫೋಲ್ಡರಿನಲ್ಲಿವೆ, ಯಾವ ಆವೃತ್ತಿಯವು, ಎರಡು ಆವೃತ್ತಿಗಳಿದ್ದರೆ ಯಾವುದನ್ನು ಮೊದಲು ನೋಡಬೇಕು ಎಂದು ಕಾರ್ಯಾಚರಣ ವ್ಯವಸ್ಥೆಗೆ ತಿಳಿಸುವ ಸೂಚನೆಗಳು ಏರ್ಪಾಡುಗಳು. ಇವೆಲ್ಲವನ್ನೂ ಒಂದು ಗಣಕದಲ್ಲಿ ಅಣಿಗೊಳಿಸುವುದು ಸ್ಥಾಪನೆ. ಕೆಲಸ ಮುಗಿದ ಮೇಲೆ, ಇಲ್ಲವೇ ಹೊಸ ಆವೃತ್ತಿಗೆ ಎಡೆಮಾಡಿಕೊಡಲು, ಇವನ್ನು ಕುರುಹು ಉಳಿಯದಂತೆ ತೆಗೆಯುವುದು ತೆರವು. ಪಠ್ಯಪುಸ್ತಕಗಳು ಸ್ಥಾಪನೆಗೆ ಪುಟಗಟ್ಟಲೆ ಕೊಟ್ಟು ತೆರವನ್ನು ಒಂದು ಸಾಲಿನಲ್ಲಿ ಮುಗಿಸುವುದು ರೂಢಿಯಾಗಿದ್ದರೂ, ಸ್ಥಾಪಿಸುವಾಗ ಯಾವುದನ್ನು ಎಲ್ಲಿ ಇಡಲಾಯಿತು ಎಂಬ ದಾಖಲೆ ಇಲ್ಲದೆ ತೆರವು ಎಂದೂ ಪೂರ್ತಿಯಾಗುವುದಿಲ್ಲವಾದ್ದರಿಂದ ಎರಡನ್ನೂ ಒಂದೇ ಕೆಲಸವೆಂದು ಕಾಣುವುದು ಸರಿ.

ಕರ್ನಾಟಕದಲ್ಲಿ ಈ ಕೆಲಸ ಬೆಂಗಳೂರಿನ ಕಂಪನಿಗಳಿಗೆ ಸೀಮಿತವಲ್ಲ. ಕೆಂಪೇಗೌಡರ ಸಮಾಧಿಯಿಂದ ನಾಡಿಗೆ ಪರಿಚಿತವಾದ ಮಾಗಡಿ ತಾಲ್ಲೂಕಿನ ಕೆಂಪಾಪುರದಂಥ ಊರುಗಳಿಂದ, ಚನ್ನಪಟ್ಟಣ ಕನಕಪುರಗಳ ಹಳ್ಳಿಗಳಿಂದ ಪದವಿಪೂರ್ವ ಕಾಲೇಜು, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳಿಗೆ ಬಸ್ಸು ಹಿಡಿದು ಹೋಗಿಬರುವ ವಿದ್ಯಾರ್ಥಿಗಳಿಗೆ ಮೊದಲ ವರ್ಷದಲ್ಲೇ ಎದುರಾಗುವ ಕೆಲಸ ಇದು. ರಾಮನಗರದಲ್ಲಿಯೇ ಘೌಸಿಯಾ ಎಂಜಿನಿಯರಿಂಗ್ ಕಾಲೇಜು, ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿದ್ದು, 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಸಿಕೊಂಡು ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮ ಇಲ್ಲಿ ನಡೆಯುತ್ತದೆ. ಕಾಲೇಜಿನ ಗಣಕದಲ್ಲಿ ಓಡಿದ ಪ್ರೋಗ್ರಾಮ್ ಮನೆಯ ಲ್ಯಾಪ್‌ಟಾಪಿನಲ್ಲಿ ಓಡದಿದ್ದರೆ ಕಾರಣ ಬಹಳ ಸಲ ಪ್ರೋಗ್ರಾಮಿನಲ್ಲಿರದೆ ಪರಿಸರದಲ್ಲಿರುತ್ತದೆ.

ಈ ಸೀಮೆಯ ರೇಷ್ಮೆ ಬೆಳೆಗಾರರಿಗೆ ಈ ವಿಷಯದ ತಿರುಳು ಬೇರೆ ರೂಪದಲ್ಲಿ ಚೆನ್ನಾಗಿ ಗೊತ್ತು. ಒಂದು ಬೆಳೆಯ ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಹಾಕಿದ ಮೇಲೆ ಹುಳು ಸಾಕುವ ಮನೆಯನ್ನು ತೊಳೆದು, ತಟ್ಟೆಗಳನ್ನೂ ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನೂ ಶುಚಿಗೊಳಿಸಿ, ಬ್ಲೀಚಿಂಗ್ ಪುಡಿಯ ದ್ರಾವಣ ಸಿಂಪಡಿಸಿ, ಆಮೇಲಷ್ಟೇ ಮುಂದಿನ ಬೆಳೆಯ ಎಳೆಯ ಚಾಕಿ ಹುಳುವನ್ನು ಒಳಗೆ ತರುತ್ತಾರೆ. ಹಿಂದಿನ ಬೆಳೆಯ ರೋಗ ಉಳಿದಿದ್ದರೆ ಹೊಸ ಹುಳು ಎಷ್ಟು ಚೆನ್ನಾಗಿದ್ದರೂ ಬೆಳೆ ಕೈಗೆ ಬಾರದು. ಹಳೆಯ ಪರಿಸರದ ಉಳಿಕೆಯ ಮೇಲೆ ಹೊಸದನ್ನು ಹೂಡಿದಾಗ ಗಣಕದಲ್ಲಿ ಆಗುವುದೂ ಇದೇ.

ಹಿನ್ನೆಲೆ

1957ರಲ್ಲಿ ಫೋರ್ಟ್ರಾನ್ ಕಂಪೈಲರ್ ಬಂದ ಕಾಲದಿಂದ 1980ರ ದಶಕದವರೆಗೆ ಪ್ರೋಗ್ರಾಮ್ ಬರೆಯುವವರು ಪರಿಸರವನ್ನು ತಾವೇ ಹೂಡುತ್ತಿರಲಿಲ್ಲ. ಯಂತ್ರ ಸಂಸ್ಥೆಯದು, ಅದರೊಳಗಿನ ಏರ್ಪಾಡು ನಿರ್ವಾಹಕರದು. 1983ರಲ್ಲಿ ಪುಣೆಯಿಂದ ಬೆಂಗಳೂರಿಗೆ ಬಂದ ಇನ್ಫೋಸಿಸ್ ಸಂಸ್ಥೆ ಆಮದು ಮಾಡಿಕೊಂಡ ಡೇಟಾ ಜನರಲ್ ಎಂವಿ 8000 ಗಣಕ ಮೈಕೋ ಕಾರ್ಖಾನೆಯ ಆವರಣದಲ್ಲಿತ್ತು. ಅಂಥ ಒಂದೇ ಯಂತ್ರವನ್ನು ಹಲವರು ಸಮಯ ಹಂಚಿಕೊಂಡು ಬಳಸುವುದು ಆಗಿನ ಪದ್ಧತಿ. ಅದೇ 1983ರಲ್ಲಿ ಬಂದ ಬೋರ್ಲ್ಯಾಂಡ್ ಕಂಪನಿಯ ಟರ್ಬೋ ಪ್ಯಾಸ್ಕಲ್, ಎಡಿಟರನ್ನೂ ಕಂಪೈಲರನ್ನೂ ಒಂದೇ ತೆರೆಯೊಳಗೆ ಸೇರಿಸಿ, ಒಂದು ಫ್ಲಾಪಿಯಲ್ಲಿ ಕೊಟ್ಟು, ಪರಿಸರವನ್ನು ಮೇಜಿನ ಮೇಲಿನ ಸಣ್ಣ ಗಣಕಕ್ಕೆ ತಂದಿತು. ಬರೆಯುವ, ಕಂಪೈಲ್ ಮಾಡುವ, ತಿದ್ದುವ ಕೆಲಸಗಳನ್ನು ಹೀಗೆ ಒಂದೆಡೆ ಕೂಡಿಸಿದ ತಂತ್ರಾಂಶಕ್ಕೆ ಸಮಗ್ರ ಅಭಿವೃದ್ಧಿ ಪರಿಸರ ಎಂದು ಹೆಸರು, ಬಳಕೆಯಲ್ಲಿ ಐಡಿಇ.

ಅದೇ ಬೋರ್ಲ್ಯಾಂಡ್ ಕಂಪನಿಯ ಟರ್ಬೋ ಸಿ ಪ್ಲಸ್ ಪ್ಲಸ್ 1990ರಲ್ಲಿ ಬಂದು ಕರ್ನಾಟಕದ ಕಾಲೇಜು ಪ್ರಯೋಗಾಲಯಗಳಲ್ಲಿ ಬೇರೂರಿದ ಬಗೆ ವಿವರವಾಗಿ ನೋಡತಕ್ಕದ್ದು. ಅದರ ನೀಲಿ ತೆರೆಯ ಮುಂದೆ ಕುಳಿತು ಮೊದಲ ಪ್ರೋಗ್ರಾಮ್ ಬರೆದ ತಲೆಮಾರುಗಳು ನಾಡಿನಲ್ಲಿ ಒಂದೆರಡಲ್ಲ. ಸ್ಥಾಪನೆಯೂ ತೆರವೂ ಅದರಷ್ಟು ಸುಲಭವಾದದ್ದು ಮುಂದೆ ಬರಲಿಲ್ಲ: ಸಿ ಡ್ರೈವಿನಲ್ಲಿ ಒಂದು ಫೋಲ್ಡರ್ ನಕಲು ಮಾಡಿದರೆ ಸ್ಥಾಪನೆ, ಆ ಫೋಲ್ಡರ್ ಅಳಿಸಿದರೆ ತೆರವು. ಆದರೆ ಅದು 16 ಬಿಟ್ ಕಾಲದ ತಂತ್ರಾಂಶ. 64 ಬಿಟ್ ವಿಂಡೋಸ್ ಅಂಥ ಪ್ರೋಗ್ರಾಮ್‌ಗಳನ್ನು ನಡೆಸುವುದಿಲ್ಲವಾದ್ದರಿಂದ, ಹಳೆಯ ಡಾಸ್ ಗಣಕವನ್ನು ಅನುಕರಿಸುವ ಡಾಸ್‌ಬಾಕ್ಸ್ ಎಂಬ ತಂತ್ರಾಂಶದೊಳಗೆ ಅದನ್ನು ಕೂರಿಸಿ ಬಳಸುವ ರೂಢಿ ಬಂತು. ಇದಕ್ಕಿಂತ ದೊಡ್ಡ ತೊಡಕು ಬರವಣಿಗೆಯ ಅಭ್ಯಾಸದಲ್ಲಿ ಉಳಿದುಬಿಟ್ಟಿತು. ಸಿ ಪ್ಲಸ್ ಪ್ಲಸ್ ಭಾಷೆಗೆ ಅಂತಾರಾಷ್ಟ್ರೀಯ ಮಾನಕ ಬಂದದ್ದು 1998ರಲ್ಲಿ. ಅದಕ್ಕೂ ಮೊದಲಿನ ಟರ್ಬೋದಲ್ಲಿ ಕಲಿತವರು ಬಾಲದಲ್ಲಿ ‘ಡಾಟ್ ಎಚ್’ ಇರುವ ಐಓಸ್ಟ್ರೀಮ್ ಕಡತವನ್ನು ಸೇರಿಸುತ್ತಾರೆ, ತೆರೆ ಒರೆಸಲು ಕ್ಲಿಯರ್‌ಸ್ಕ್ರೀನ್, ಫಲಿತಾಂಶ ಮಾಯವಾಗದಂತೆ ಕೊನೆಯಲ್ಲಿ ಗೆಟ್‌ಸಿಎಚ್ ಬರೆಯುತ್ತಾರೆ. ಇಂದಿನ ಜಿಸಿಸಿ ಕಂಪೈಲರಿಗೆ ಕೊಟ್ಟರೆ ಇವು ಸಾಲುಸಾಲಾಗಿ ದೋಷಗಳಾಗುತ್ತವೆ, ಏಕೆಂದರೆ ಇವುಗಳಲ್ಲಿ ಯಾವುದೂ ಇಂದಿನ ಮಾನಕ ಭಾಷೆಗೆ ಸೇರಿದ್ದಲ್ಲ, ಆ ಒಂದು ಪರಿಸರಕ್ಕೆ ಮತ್ತು ಅದರ ಕಾಲಕ್ಕೆ ಸೇರಿದವು. ಪರಿಸರವನ್ನು ಗಣಕದಿಂದ ಅಳಿಸುವುದು ಒಂದು ನಿಮಿಷದ ಕೆಲಸ. ಅದು ಕಲಿಸಿದ ಅಭ್ಯಾಸವನ್ನು ಪ್ರೋಗ್ರಾಮ್‌ಗಳಿಂದ ತೆಗೆಯಲು ವರ್ಷಗಳು ಬೇಕು.

ಸ್ಥಾಪನೆಯ ವಿಧಾನ

ವಿಂಡೋಸ್‌ನಲ್ಲಿ ಪ್ರತಿಯೊಂದು ಸಾಧನಕ್ಕೂ ಪ್ರತ್ಯೇಕ ಸ್ಥಾಪಕ ಕಡತವನ್ನು ಇಳಿಸಿಕೊಂಡು ನಡೆಸುವುದು ಸಾಮಾನ್ಯ ಕ್ರಮ. ಸ್ಥಾಪಕ ಕಡತ ಹೆಚ್ಚಾಗಿ ಮೂರು ಕಡೆ ಕೈಹಾಕುತ್ತದೆ: ಸಾಧನದ ಕಡತಗಳನ್ನು ಒಂದು ಫೋಲ್ಡರಿನಲ್ಲಿಡುತ್ತದೆ, ರಿಜಿಸ್ಟ್ರಿ ಎಂಬ ವ್ಯವಸ್ಥೆಯ ದತ್ತಸಂಚಯದಲ್ಲಿ ತನ್ನ ಹೆಸರು ದಾಖಲಿಸುತ್ತದೆ, ಪಾತ್ ಎಂಬ ಪರಿಸರ ಚರದಲ್ಲಿ ತನ್ನ ವಿಳಾಸ ಸೇರಿಸುತ್ತದೆ. ಪರಿಸರ ಚರ ಎಂದರೆ ಎಲ್ಲ ಪ್ರೋಗ್ರಾಮ್‌ಗಳೂ ಓದಬಲ್ಲ ಹೆಸರಿಟ್ಟ ಸೂಚನೆ. ಪಾತ್ ಎಂಬುದು ಆ ಪೈಕಿ ಒಂದಾಗಿದ್ದು, ಆಜ್ಞೆಯೊಂದನ್ನು ಟೈಪ್ ಮಾಡಿದಾಗ ಆ ಹೆಸರಿನ ಪ್ರೋಗ್ರಾಮನ್ನು ಯಾವ ಯಾವ ಫೋಲ್ಡರುಗಳಲ್ಲಿ ಯಾವ ಕ್ರಮದಲ್ಲಿ ಹುಡುಕಬೇಕೆಂಬ ಪಟ್ಟಿ. ಹುಡುಕಾಟ ಮೊದಲು ಸಿಕ್ಕಿದ್ದಕ್ಕೇ ನಿಲ್ಲುತ್ತದೆ. ಪೈಥಾನ್ ಭಾಷೆಯ ಹೊಸ ಇಂಟರ್‌ಪ್ರಿಟರ್ ಹಾಕಿದರೂ ಹಳೆಯದೇ ಓಡುತ್ತಿದೆ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಈ ಪಟ್ಟಿಯಲ್ಲಿ ಮೇಲೆ ಕುಳಿತ ಹಳೆಯ ವಿಳಾಸ. ಪೈಥಾನ್ ಸ್ಥಾಪಕದ ಮೊದಲ ಪುಟದ ಅಡಿಯಲ್ಲಿ ಪಾತ್‌ಗೆ ಸೇರಿಸಬೇಕೇ ಎಂದು ಕೇಳುವ ಒಂದು ಚಿಕ್ಕ ಚೌಕವಿದ್ದು, ಅದಕ್ಕೆ ಗುರುತು ಹಾಕದೆ ಮುಂದೆ ಹೋದವರು ಆಜ್ಞಾ ತೆರೆಯಲ್ಲಿ ಪೈಥಾನ್ ಎಂದು ಬರೆದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುವುದನ್ನು ಕಂಡು ಗಲಿಬಿಲಿಗೊಳ್ಳುತ್ತಾರೆ.

ಲಿನಕ್ಸ್‌ನಲ್ಲಿ ಈ ಕೆಲಸ ಪ್ಯಾಕೇಜ್ ವ್ಯವಸ್ಥಾಪಕದ ಮೂಲಕ ನಡೆಯುತ್ತದೆ. 1993ರಲ್ಲಿ ಆರಂಭವಾದ ಡೆಬಿಯನ್ ಮತ್ತು ಅದರಿಂದ 2004ರಲ್ಲಿ ಹುಟ್ಟಿದ ಉಬುಂಟುಗಳಲ್ಲಿ ಎಪಿಟಿ ಎಂಬ ವ್ಯವಸ್ಥಾಪಕ ಇದ್ದು, ಒಂದು ಸಾಧನವನ್ನು ಕೇಳಿದರೆ ಅದು ಅವಲಂಬಿಸಿರುವ ಬೇರೆ ಸಾಧನಗಳನ್ನೂ ಹುಡುಕಿ ತರುತ್ತದೆ. ‘ಬಿಲ್ಡ್ ಎಸೆನ್ಶಿಯಲ್’ ಎಂಬ ಒಂದೇ ಪ್ಯಾಕೇಜಿನ ಹೆಸರು ಹೇಳಿದರೆ ಸಿ ಮತ್ತು ಸಿ ಪ್ಲಸ್ ಪ್ಲಸ್ ಪ್ರೋಗ್ರಾಮಿಗೆ ಬೇಕಾದ ಮುಖ್ಯ ಸಾಧನಗಳೆಲ್ಲ ಬರುತ್ತವೆ. ತಂದಿಟ್ಟ ಪ್ರತಿಯೊಂದು ಕಡತದ ಲೆಕ್ಕವನ್ನೂ ಅದು ಇಟ್ಟುಕೊಳ್ಳುವುದರಿಂದ ತೆರವಿನ ವೇಳೆ ಊಹೆಯ ಅಗತ್ಯ ಬಹಳ ಮಟ್ಟಿಗೆ ತಪ್ಪುತ್ತದೆ. ಈ ಒಂದು ಗುಣಕ್ಕಾಗಿಯೇ ಕಲಿಯುವವರಿಗೆ ಲಿನಕ್ಸ್ ಹೆಚ್ಚು ಸೂಕ್ತವೆಂದು ಹೇಳಬಹುದು. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗಾಗಿ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ, ಶಿಕ್ಷಣ ಇಲಾಖೆಯೊಡನೆ ಸೇರಿ ನಡೆಸಿದ ಮುಕ್ತ ಶೈಕ್ಷಣಿಕ ಸಂಪನ್ಮೂಲ ಕಾರ್ಯಕ್ರಮದಲ್ಲಿ ಬಳಸಿದ್ದೂ ಉಬುಂಟುವನ್ನೇ. ಜಿಯೋಜೀಬ್ರಾದಂಥ ಕಲಿಕಾ ಸಾಧನಗಳನ್ನೂ ಕನ್ನಡದ ಏರ್ಪಾಡನ್ನೂ ಮೊದಲೇ ಸೇರಿಸಿ ಸಿದ್ಧಪಡಿಸಿದ ವಿಶೇಷ ಆವೃತ್ತಿಯಾದ್ದರಿಂದ ಪ್ರತಿ ಶಾಲೆಯಲ್ಲೂ ಸಾಧನಗಳನ್ನು ಒಂದೊಂದಾಗಿ ಹೂಡುವ ಶ್ರಮ ಉಳಿಯಿತು. ಮುಂಬಯಿಯ ಐಐಟಿಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ ಲಿನಕ್ಸ್, ಸಿ, ಪೈಥಾನ್‌ಗಳ ಪಾಠಗಳನ್ನು ಕನ್ನಡ ಧ್ವನಿಯಲ್ಲಿ ಒದಗಿಸುತ್ತದೆ.

ಇಂಟರ್‌ನೆಟ್ ಎಂದರೆ ಮೊಬೈಲ್ ಹಾಟ್‌ಸ್ಪಾಟ್ ಎಂದಾಗಿರುವ, ದಿನಕ್ಕಿಷ್ಟೇ ಡೇಟಾ ಎಂಬ ಮಿತಿಯಿರುವ ಮನೆಗಳಲ್ಲಿ ಸ್ಥಾಪನೆಯ ಲೆಕ್ಕಾಚಾರವೇ ಬೇರೆ. ಫೋನಿನ ಆ್ಯಪ್ ಬರೆಯುವ ಐಡಿಇಯಾದ ಆಂಡ್ರಾಯ್ಡ್ ಸ್ಟುಡಿಯೋ ಮತ್ತು ಅದಕ್ಕೆ ಬೇಕಾದ ಸಾಧನಗಳ ಕಟ್ಟಾದ ಎಸ್‌ಡಿಕೆ, ಅನುಕರಣ ಫೋನಿನ ಚಿತ್ರಿಕೆ ಎಲ್ಲ ಸೇರಿ ಹಲವು ಗಿಗಾಬೈಟ್ ಆಗುವುದರಿಂದ ಅಂಥ ಸಂಪರ್ಕದಲ್ಲಿ ಅದು ಒಂದು ದಿನದ ಕೆಲಸವಲ್ಲ. ಇಳಿಸಿದ್ದನ್ನು ಹಂಚಿಕೊಳ್ಳುವುದು ಇದಕ್ಕೆ ಪರಿಹಾರ. ಎಪಿಟಿ ತಾನು ಇಳಿಸಿದ ಪ್ಯಾಕೇಜುಗಳನ್ನು ಒಂದು ಗೊತ್ತಾದ ಫೋಲ್ಡರಿನಲ್ಲಿ ಉಳಿಸಿಡಬಲ್ಲದು, ಪೈಥಾನ್‌ನ ಪಿಪ್ ಸಾಧನಕ್ಕೆ ಸ್ಥಾಪಿಸದೆ ಬರೇ ಇಳಿಸಿಕೊಳ್ಳುವ ಆಜ್ಞೆಯಿದೆ. ಒಬ್ಬರು ಇಳಿಸಿದ್ದನ್ನು ಪೆನ್‌ಡ್ರೈವಿನಲ್ಲಿ ಪಡೆದು, ಕಾರ್ಯಾಚರಣ ವ್ಯವಸ್ಥೆಯ ಆವೃತ್ತಿ ಹೊಂದುವಂತಿದ್ದರೆ, ಇನ್ನೊಂದು ಗಣಕದಲ್ಲಿ ನೆಟ್ ಇಲ್ಲದೆಯೂ ಹೂಡಬಹುದು.

ಬೇರ್ಪಡಿಸಿದ ಪರಿಸರ

ಒಂದೇ ಗಣಕದಲ್ಲಿ ಎರಡು ಕೆಲಸಗಳು ಒಂದೇ ಲೈಬ್ರರಿಯ ಎರಡು ಆವೃತ್ತಿಗಳನ್ನು ಬೇಡಿದಾಗ ಒಂದನ್ನು ಕಟ್ಟಲು ಹೋಗಿ ಇನ್ನೊಂದು ಕೆಡುತ್ತದೆ. ಇದಕ್ಕೆ ಪೈಥಾನ್ 2012ರಲ್ಲಿ ತನ್ನ 3.3 ಆವೃತ್ತಿಯಿಂದ ವೆನ್ವ್ ಎಂಬ ವರ್ಚುವಲ್ ಪರಿಸರದ ಏರ್ಪಾಡನ್ನು ತನ್ನೊಳಗೇ ಸೇರಿಸಿಕೊಂಡಿತು. ಪ್ರತಿ ಕೆಲಸಕ್ಕೂ ಒಂದು ಪ್ರತ್ಯೇಕ ಫೋಲ್ಡರ್, ಅದರೊಳಗೆ ಆ ಕೆಲಸದ ಲೈಬ್ರರಿಗಳು ಮಾತ್ರ. ಬೇಡವಾದಾಗ ಆ ಫೋಲ್ಡರ್ ಅಳಿಸಿದರೆ ಉಳಿದ ಗಣಕಕ್ಕೆ ಏನೂ ಆಗದು. ಒಂದು ರೀತಿಯಲ್ಲಿ ಇದು ಟರ್ಬೋ ಕಾಲದ ಸರಳತೆಗೆ ಮರಳಿದಂತೆ. ಒಳಗಿನ ಕೆಲವು ಕಡತಗಳಲ್ಲಿ ಪೂರ್ಣ ವಿಳಾಸ ಬರೆದಿರುವುದರಿಂದ ಈ ಫೋಲ್ಡರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬಾರದು, ಪೆನ್‌ಡ್ರೈವಿನಲ್ಲಿ ಒಯ್ದು ಬೇರೆ ಗಣಕದಲ್ಲಿ ಬಳಸಲೂ ಬಾರದು. ಒಯ್ಯಬೇಕಾದದ್ದು ಯಾವ ಲೈಬ್ರರಿ, ಯಾವ ಆವೃತ್ತಿ ಎಂದು ಬರೆದ ‘ರಿಕ್ವೈರ್‌ಮೆಂಟ್ಸ್’ ಪಟ್ಟಿಯನ್ನು. 2013ರಲ್ಲಿ ಬಂದ ಡಾಕರ್ ಇದೇ ವಿಚಾರವನ್ನು ಮುಂದಕ್ಕೊಯ್ದು, ಪ್ರೋಗ್ರಾಮಿಗೆ ಬೇಕಾದ ವ್ಯವಸ್ಥಾ ಕಡತಗಳನ್ನೂ ಸೇರಿಸಿ ಕಟ್ಟಿದ ಕಂಟೇನರುಗಳನ್ನು ಬಳಕೆಗೆ ತಂದಿತು.

2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದೀಚೆಗೆ, ವ್ಯವಸ್ಥೆಯ ಮೂಲ ಪೈಥಾನ್‌ಗೆ ಪಿಪ್ ಮೂಲಕ ಲೈಬ್ರರಿ ಸೇರಿಸಲು ಹೋದರೆ ಅದು ನಿರಾಕರಿಸಿ ಪ್ರತ್ಯೇಕ ಪರಿಸರ ಮಾಡಿಕೊಳ್ಳುವಂತೆ ಹೇಳುತ್ತದೆ. ಲಿನಕ್ಸ್‌ನ ಎಷ್ಟೋ ಆಂತರಿಕ ಸಾಧನಗಳು ಪೈಥಾನ್‌ನಲ್ಲೇ ಬರೆದವು. ಅವುಗಳ ಅಡಿಪಾಯವನ್ನು ಕಲಿಕೆಯ ಪ್ರಯೋಗಕ್ಕೆ ಬಳಸಬಾರದೆಂಬುದು ಈ ನಿರ್ಬಂಧದ ಕಾರಣ. ಇದನ್ನು ಕಿರಿಕಿರಿಯೆಂದು ಭಾವಿಸಿ ಬಲವಂತದ ಆಜ್ಞೆಯಿಂದ ಮೀರುವುದು ತಪ್ಪು.

ಕನ್ನಡ ಪಠ್ಯ ಮತ್ತು ಪರಿಸರ

ಕನ್ನಡ ಪಠ್ಯದೊಡನೆ ಕೆಲಸ ಮಾಡುವವರ ಪರಿಸರಕ್ಕೆ ಇನ್ನೂ ಕೆಲವು ಅಂಗಗಳು ಬೇಕು: ಯೂನಿಕೋಡ್ ಫಾಂಟ್, ಕೀಲಿಮಣೆಯ ವಿನ್ಯಾಸ, ಕಡತಗಳನ್ನು ಯುಟಿಎಫ್-8 ಸಂಕೇತದಲ್ಲಿ ಉಳಿಸುವ ಎಡಿಟರ್. ಡೆಬಿಯನ್ ಸಂಗ್ರಹದಲ್ಲಿ ಕನ್ನಡದ ಗುಬ್ಬಿ ಮತ್ತು ನವಿಲು ಫಾಂಟುಗಳು ಪ್ಯಾಕೇಜ್ ರೂಪದಲ್ಲೇ ಇದ್ದು, ಬೇರಾವ ಸಾಧನದಂತೆಯೇ ಇವನ್ನೂ ಒಂದು ಆಜ್ಞೆಯಿಂದ ಹಾಕಬಹುದು, ತೆಗೆಯಬಹುದು.

ಏರ್ಪಾಡು ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ‘ಕನ್ನಡ’ ಎಂಬ ಪದದಿಂದಲೇ ತೋರಿಸಬಹುದು. ಓದುವವರಿಗೆ ಇದರಲ್ಲಿ ಮೂರು ಅಕ್ಷರ. ಪೈಥಾನ್ 3ರಲ್ಲಿ ಉದ್ದ ಕೇಳಿದರೆ ಉತ್ತರ 5, ಏಕೆಂದರೆ ಯೂನಿಕೋಡ್‌ನಲ್ಲಿ ‘ನ್ನ’ ಎಂಬುದು ನಕಾರ, ಅದರ ಅಕಾರವನ್ನು ಅಳಿಸುವ ವಿರಾಮ ಚಿಹ್ನೆ, ಮತ್ತೊಂದು ನಕಾರ ಎಂದು ಮೂರು ಸಂಕೇತಗಳು. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ ಸಿ ಭಾಷೆಯ ಅಳತೆಯಲ್ಲಿ ಅದೇ ಪದದ ಉದ್ದ 15. ಇನ್ನು ವಿಂಡೋಸ್‌ನಲ್ಲಿ, ಸಂಕೇತ ಯಾವುದೆಂದು ಹೇಳದೆ ಕಡತವನ್ನು ತೆರೆದರೆ ಪೈಥಾನ್‌ನ ಬಹಳಷ್ಟು ಆವೃತ್ತಿಗಳು ಪಾಶ್ಚಾತ್ಯ ಲಿಪಿಗಳ 1252 ಎಂಬ ಹಳೆಯ ಕೋಷ್ಟಕವನ್ನು ಹಿಡಿದು ಓದುತ್ತವೆ. ಆಗ ‘ಮರ’ ಎಂದಷ್ಟೇ ಇರುವ ಕಡತ ದೋಷವಿಲ್ಲದೆ ತೆರೆದುಕೊಂಡು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ‘ಕನ್ನಡ’ ಎಂದಿರುವ ಕಡತ ತೆರೆಯುವುದೇ ಇಲ್ಲ. ವಿರಾಮ ಚಿಹ್ನೆಯ ಕೊನೆಯ ಬೈಟಿಗೆ ಆ ಕೋಷ್ಟಕದಲ್ಲಿ ಜಾಗವಿಲ್ಲ, ಹಾಗೆಯೇ ಉಕಾರದ ಚಿಹ್ನೆಗೂ ಇಲ್ಲ. ಒತ್ತಕ್ಷರವೋ ಉಕಾರವೋ ಇದ್ದರೆ ನಿಲ್ಲುವ, ಇಲ್ಲದಿದ್ದರೆ ಬಹುಮಟ್ಟಿಗೆ ಮುಂದೆ ಹೋಗುವ ಈ ವರ್ತನೆ ಕಾರಣ ತಿಳಿಯದವರಿಗೆ ಒಗಟಿನಂತೆ ತೋರುತ್ತದೆ. ಕಡತ ತೆರೆಯುವ ಆಜ್ಞೆಯಲ್ಲಿ ಯುಟಿಎಫ್-8 ಎಂದು ಸ್ಪಷ್ಟವಾಗಿ ಬರೆಯುವುದೇ ಪರಿಹಾರ.

ತೆರವಿನ ದೃಷ್ಟಿಯಿಂದಲೂ ಕನ್ನಡಕ್ಕೆ ತನ್ನದೇ ಆದ ಪಾಠವೊಂದಿದೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ರೂಪಿಸಿದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ, ಇವೆರಡೂ ಕನ್ನಡವನ್ನು ಕಚೇರಿ, ಮುದ್ರಣಾಲಯ, ಪತ್ರಿಕೆಗಳ ಗಣಕಕ್ಕೆ ತಂದ ತಂತ್ರಾಂಶಗಳು. ನಾಡು ಇವುಗಳಿಗೆ ಋಣಿ. ಆದರೆ ಇವುಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರದ ಆಕಾರ ಕೂತಿದ್ದದ್ದು ರೋಮನ್ ಅಕ್ಷರಗಳ ಜಾಗದಲ್ಲಿ. ಹೀಗೆ ಟೈಪ್ ಮಾಡಿದ ಕಡತವಿರುವ ಗಣಕದಿಂದ ಆ ಫಾಂಟನ್ನು ತೆಗೆದರೆ ಪತ್ರವೂ ಪುಸ್ತಕವೂ ರೋಮನ್ ಚಿಹ್ನೆಗಳ ರಾಶಿಯಾಗಿಬಿಡುತ್ತದೆ. ಕಡತ ನಾಶವಾಗಿರುವುದಿಲ್ಲ, ಅದನ್ನು ಕನ್ನಡವಾಗಿ ಕಾಣಿಸುತ್ತಿದ್ದ ಪರಿಸರ ಹೋಗಿರುತ್ತದೆ. ಅರವಿಂದ ವಿ.ಕೆ. ಅವರು ಬರೆದು ಮುಕ್ತವಾಗಿ ಹಂಚಿದ ಪರಿವರ್ತಕದಂಥ ಸಾಧನಗಳಿಂದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸಬಹುದು. ಪರಿವರ್ತನೆ ಮೊದಲು, ತೆರವು ಆಮೇಲೆ ಎಂಬ ಕ್ರಮ ಇಲ್ಲಿ ಕಡ್ಡಾಯ.

ತೆರವು

ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಅನ್‌ಇನ್‌ಸ್ಟಾಲ್ ಒತ್ತಿದ ಮಾತ್ರಕ್ಕೆ ಪರಿಸರ ಹೋಗುವುದಿಲ್ಲ. ಸ್ಥಾಪಕ ತಾನು ಇಟ್ಟದ್ದನ್ನು ತೆಗೆಯುತ್ತದೆ, ಆಮೇಲೆ ಸೇರಿದ್ದನ್ನು ಬಹುಮಟ್ಟಿಗೆ ಹಾಗೆಯೇ ಬಿಡುತ್ತದೆ. ಪೈಥಾನ್ ತೆಗೆದ ನಂತರವೂ ಪಿಪ್ ಮೂಲಕ ಬಂದ ಲೈಬ್ರರಿಗಳ ಫೋಲ್ಡರ್ ಉಳಿಯುತ್ತದೆ. ವಿಎಸ್ ಕೋಡ್ ಎಡಿಟರ್ ತೆಗೆದರೂ ಅದರ ವಿಸ್ತರಣೆಗಳೂ ಬಳಕೆದಾರರ ಆಯ್ಕೆಗಳೂ ಎರಡು ಬೇರೆ ಫೋಲ್ಡರುಗಳಲ್ಲಿ ಕೂತಿರುತ್ತವೆ. ಹೀಗಾಗಿ ಕೆಟ್ಟ ವಿಸ್ತರಣೆಯಿಂದ ಬೇಸತ್ತು ಎಡಿಟರನ್ನೇ ತೆಗೆದು ಮತ್ತೆ ಹಾಕಿದರೂ ಅದೇ ತೊಂದರೆ ಮರಳುತ್ತದೆ. ಆಂಡ್ರಾಯ್ಡ್ ಸ್ಟುಡಿಯೋ ಹೋದ ಮೇಲೆ ಎಸ್‌ಡಿಕೆ, ಗ್ರ್ಯಾಡಲ್ ಎಂಬ ಕಟ್ಟುವ ಸಾಧನದ ಸಂಗ್ರಹ, ಅನುಕರಣ ಫೋನುಗಳು ಬಳಕೆದಾರರ ಫೋಲ್ಡರಿನಲ್ಲೇ ಉಳಿದು ಗಿಗಾಬೈಟುಗಟ್ಟಲೆ ಜಾಗ ಹಿಡಿದಿರುತ್ತವೆ. ಚುಕ್ಕೆಯಿಂದ ಶುರುವಾಗುವ ಹೆಸರಿನ ಫೋಲ್ಡರುಗಳನ್ನು ಬಳಕೆದಾರರ ಮೂಲ ಫೋಲ್ಡರಿನಲ್ಲಿ ಹುಡುಕುವುದು, ಪಾತ್ ಪಟ್ಟಿಯಲ್ಲಿ ಉಳಿದಿರುವ, ಈಗ ಇಲ್ಲದ ಫೋಲ್ಡರುಗಳ ವಿಳಾಸಗಳನ್ನು ಒಂದೊಂದಾಗಿ ತೆಗೆಯುವುದು ಕೈಯಾರೆ ಮಾಡಬೇಕಾದ ಕೆಲಸಗಳು.

ಎಪಿಟಿಯಲ್ಲಿ ತೆರವಿಗೆ ಮೂರು ಮೆಟ್ಟಿಲುಗಳಿವೆ. ರಿಮೂವ್ ಎಂಬುದು ಸಾಧನವನ್ನು ತೆಗೆದು ಅದರ ವ್ಯವಸ್ಥಾ ಏರ್ಪಾಡಿನ ಕಡತಗಳನ್ನು ಉಳಿಸುತ್ತದೆ, ಪರ್ಜ್ ಅವನ್ನೂ ತೆಗೆಯುತ್ತದೆ, ಆಟೋರಿಮೂವ್ ಯಾರಿಗೂ ಬೇಡವಾಗಿ ಉಳಿದ ಅವಲಂಬನೆಗಳನ್ನು ಗುಡಿಸುತ್ತದೆ. ಬಳಕೆದಾರರ ಸ್ವಂತ ಫೋಲ್ಡರನ್ನು ಮೂರೂ ಮುಟ್ಟುವುದಿಲ್ಲ. ಹಳೆಯದೆಂದು ಭಾವಿಸಿ ಉಬುಂಟುವಿನ ಮೂಲ ಪೈಥಾನ್ ಅನ್ನು ತೆಗೆಯಲು ಹೊರಟರೆ ಅದನ್ನು ನೆಚ್ಚಿದ ಡೆಸ್ಕ್‌ಟಾಪ್ ಸಮೇತ ಹೋಗುವ ಅಪಾಯವಿದೆ. ತೆಗೆಯಲಾಗುವ ಪ್ಯಾಕೇಜುಗಳ ಪಟ್ಟಿಯನ್ನು ಎಪಿಟಿ ಮೊದಲೇ ತೋರಿಸಿ ಒಪ್ಪಿಗೆ ಕೇಳುತ್ತದೆ, ಅದನ್ನು ಓದದೆ ಹೌದೆಂದು ಒತ್ತಬಾರದು. ಮೈಎಸ್‌ಕ್ಯುಎಲ್‌ನಂಥ ದತ್ತಸಂಚಯಗಳಲ್ಲಿ ಸಾಧನ ಬೇರೆ, ಅದರೊಳಗಿನ ಮಾಹಿತಿ ಬೇರೆ. ಮಾಹಿತಿಯ ನಕಲನ್ನು ತೆಗೆದಿಟ್ಟುಕೊಳ್ಳದೆ ಪರ್ಜ್‌ಗೆ ಕೈಹಾಕಿದವರು ಒಂದು ಸೆಮಿಸ್ಟರಿನ ಕೆಲಸವನ್ನೇ ಕಳೆದುಕೊಳ್ಳಬಹುದು.

ಪ್ರಯೋಗಾಲಯದ ಗಣಕ ಹಲವರ ಕೈಗೆ ಬರುವುದರಿಂದ ಅಲ್ಲಿ ತೆರವಿಗೆ ಇನ್ನೊಂದು ಹೊಣೆ ಸೇರುತ್ತದೆ. ಗಿಟ್‌ನಲ್ಲಿ ಒಬ್ಬ ವಿದ್ಯಾರ್ಥಿನಿ ತಾನು ಬಳಸಿದ ಲಾಗಿನ್ನಿಗೆಲ್ಲ ಅನ್ವಯಿಸುವಂತೆ ತನ್ನ ಹೆಸರು, ಮಿಂಚಂಚೆ ದಾಖಲಿಸಿ ಹಾಗೆಯೇ ಎದ್ದುಹೋದರೆ, ಅದೇ ಲಾಗಿನ್‌ನಲ್ಲಿ ಮಧ್ಯಾಹ್ನದ ಬ್ಯಾಚಿನವರು ಬರೆದ ಕೆಲಸವೂ ಅವಳ ಹೆಸರಿನಲ್ಲೇ ದಾಖಲಾಗುತ್ತದೆ. ಉಳಿಸಿಟ್ಟ ಪಾಸ್‌ವರ್ಡು, ದೂರದ ಗಣಕಕ್ಕೆ ಪ್ರವೇಶ ಕೊಡುವ ಎಸ್‌ಎಸ್‌ಎಚ್ ಕೀಲಿಗಳ ವಿಷಯದಲ್ಲಿ ಇದು ಬರೇ ಗೊಂದಲವಾಗಿ ಉಳಿಯದೆ ಅಪಾಯವಾಗುತ್ತದೆ. ಪ್ರತಿ ವಿದ್ಯಾರ್ಥಿಗೂ ಪ್ರತ್ಯೇಕ ಲಾಗಿನ್ ಕೊಡುವುದು, ಮರುಚಾಲನೆಯಾದಾಗ ಮೂಲಸ್ಥಿತಿಗೆ ಮರಳುವಂತೆ ಗಣಕವನ್ನು ಅಣಿಗೊಳಿಸುವುದು, ಇಲ್ಲವೇ ವರ್ಷಾರಂಭದಲ್ಲಿ ಒಂದು ಗಣಕವನ್ನು ಸರಿಯಾಗಿ ಹೂಡಿ ಕ್ಲೋನ್‌ಜಿಲ್ಲಾದಂಥ ಸಾಧನದಿಂದ ಅದರ ಡಿಸ್ಕ್ ಚಿತ್ರಿಕೆಯನ್ನು ಉಳಿದವುಗಳಿಗೆ ಇಳಿಸುವುದು ರೂಢಿಯಲ್ಲಿರುವ ಮಾರ್ಗಗಳು.

ಕರ್ನಾಟಕದ ಕಾಲೇಜುಗಳಲ್ಲಿ ಪ್ರತಿ ವಿದ್ಯಾರ್ಥಿಯೂ ಪ್ರಯೋಗಾಲಯದ ರೆಕಾರ್ಡ್ ಪುಸ್ತಕ ಬರೆಯುತ್ತಾನೆ. ಅದರಲ್ಲಿ ಪ್ರೋಗ್ರಾಮ್ ಇರುತ್ತದೆ, ಫಲಿತಾಂಶ ಇರುತ್ತದೆ, ಅಧ್ಯಾಪಕರ ಸಹಿ ಇರುತ್ತದೆ. ಆ ಪ್ರೋಗ್ರಾಮ್ ಯಾವ ಕಂಪೈಲರಿನ ಯಾವ ಆವೃತ್ತಿಯಲ್ಲಿ ಓಡಿತು, ಅದಕ್ಕಾಗಿ ಗಣಕದಲ್ಲಿ ಏನೇನನ್ನು ಎಲ್ಲಿ ಹೂಡಲಾಯಿತು, ಮುಗಿದ ಮೇಲೆ ಏನನ್ನು ತೆಗೆಯಬೇಕು ಎಂಬುದಕ್ಕೆ ಪುಟವಿರುವುದಿಲ್ಲ. ಆ ಪುಸ್ತಕದ ಮೊದಲ ಪುಟವನ್ನು ಇದಕ್ಕೇ ಮೀಸಲಿಡಬೇಕು.